ಎರಡು ಸಕ್ಕರೆ, ಒಂದು ಫ್ಲಾಸ್ಕ್: ಬ್ಯಾಕ್ಟೀರಿಯಾ ಆಹಾರ ಬದಲಿಸುವುದನ್ನು ಕಣ್ಣಾರೆ ನೋಡುವ ಸಮಗ್ರ ಮಾರ್ಗದರ್ಶಿ

ಒಂದು ಫ್ಲಾಸ್ಕಿಗೆ ಗ್ಲೂಕೋಸ್, ಲ್ಯಾಕ್ಟೋಸ್ ಎರಡನ್ನೂ ಹಾಕಿ ಅದರಲ್ಲಿ ಇ. ಕೋಲಿ ಬಿಡಿ. ಎರಡೂ ಕೈಗೆಟುಕುವಂತಿದ್ದರೂ ಅದು ಮೊದಲು ಮುಟ್ಟುವುದು ಗ್ಲೂಕೋಸನ್ನೇ. ಅದು ಖಾಲಿಯಾದ ಮೇಲೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೆಳವಣಿಗೆ ನಿಂತೇ ಹೋದಂತೆ ಕಾಣುತ್ತದೆ. ಇನ್ನೇನು ಸತ್ತೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಗ್ರಾಫ್ ಮತ್ತೆ ಏರುತ್ತದೆ. ಈಗ ಅದು ತಿನ್ನುತ್ತಿರುವುದು ಲ್ಯಾಕ್ಟೋಸ್.

ಯುದ್ಧಕಾಲದ ಪ್ಯಾರಿಸ್‌ನಲ್ಲಿ, 1941ರ ಹೊತ್ತಿಗೆ, ಜಾಕ್ ಮೊನೊ ಈ ಎರಡು ಮೆಟ್ಟಿಲಿನ ಗ್ರಾಫಿಗೆ ‘ಡಯಾಕ್ಸಿ’ ಅಂತ ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರು ‘ಮೊನಾಡ್’ ಆಗಿಬಿಟ್ಟಿದ್ದಾರೆ, ಇರಲಿ. ಈ ಸಣ್ಣ ಮೆಟ್ಟಿಲಿನ ಹಿಂದೆ ಬಿದ್ದ ಅವರು ಮತ್ತು ಫ್ರಾನ್ಸ್ವಾ ಜಾಕೋಬ್ 1961ರಲ್ಲಿ ಆಪರಾನ್ (ಒಂದೇ ಸ್ವಿಚ್ಚಿಗೆ ಒಟ್ಟಿಗೆ ತೆರೆದು ಮುಚ್ಚುವ ಜೀನುಗಳ ಗುಂಪು) ಮಾದರಿ ಮುಂದಿಟ್ಟರು. 1965ರಲ್ಲಿ ಆಂದ್ರೆ ಲ್ವಾಫ್ ಜೊತೆಗೆ ಈ ಇಬ್ಬರಿಗೂ ನೊಬೆಲ್ ಬಂತು.

ಆಪರಾನ್ ಚಿತ್ರವನ್ನು ಪರೀಕ್ಷೆಗಾಗಿ ಬಿಡಿಸಿದವರು ಸಾವಿರಾರು ಜನ ಇದ್ದಾರೆ. ಆ ಮೆಟ್ಟಿಲನ್ನು ತಾವೇ ಅಳೆದು ನೋಡಿದವರು ಕಡಿಮೆ. ಅಳೆದು ನೋಡಿದರೆ ಒಂದು ವಿಷಯ ಮನಸ್ಸಿಗೆ ಇಳಿಯುತ್ತದೆ: ಬೆಳವಣಿಗೆ ನಿಂತಂತೆ ಕಾಣುವ ಆ ಅರ್ಧ ಗಂಟೆಯಲ್ಲೇ ಕೋಶದೊಳಗೆ ಅತಿ ಜಾಸ್ತಿ ಬದಲಾವಣೆ ನಡೆದಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಆಹಾರ ಬದಲಿಸುವುದು ಅಂದರೆ ತನ್ನ ಮೈಯನ್ನೇ ಬೇರೆ ಲೆಕ್ಕದಲ್ಲಿ ಕಟ್ಟಿಕೊಳ್ಳುವುದು.

ಇದು ಲ್ಯಾಬ್ ಸೌಲಭ್ಯ ಇರುವವರಿಗೆ ಬರೆದದ್ದು. ಮನೆಯಲ್ಲಿ ಮಾಡಬೇಡಿ. ಬಳಸುವ ತಳಿ ನಿರುಪದ್ರವಿಯೇ, ಆದರೂ ಬೆಳೆಸಿದ ಕಲ್ಚರನ್ನು ಎಸೆಯುವ ಮೊದಲು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಲೇಬೇಕು (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿ ಕೊಲ್ಲಬೇಕು).

ಹಂತ 1: ತಳಿ ಯಾವುದು ಅಂತ ಮೊದಲು ನೋಡಿ

ನನ್ನ ಮೊದಲ ಪ್ರಯತ್ನ ಇಲ್ಲೇ ಹಾಳಾಗಿತ್ತು. ಫ್ರೀಜರಿನಲ್ಲಿ ಕೈಗೆ ಸಿಕ್ಕಿದ ಇ. ಕೋಲಿ ತೆಗೆದುಕೊಂಡೆ. ಮೊದಲ ಮೆಟ್ಟಿಲು ಚೆನ್ನಾಗಿ ಬಂತು. ಎರಡನೆಯದಕ್ಕೆ ರಾತ್ರಿ ಹನ್ನೊಂದರ ತನಕ ಕಾದೆ, ಬರಲೇ ಇಲ್ಲ. ಅದು ಜೀನ್ ಕ್ಲೋನಿಂಗಿಗೆ ಇಟ್ಟಿದ್ದ ಡಿಎಚ್5 ಆಲ್ಫಾ. ಲ್ಯಾಕ್ಟೋಸ್ ಒಡೆಯುವ ಜೀನ್ ಅದರಲ್ಲಿ ಪೂರ್ತಿ ಇರುವುದೇ ಇಲ್ಲ! ಬಿಡಬ್ಲ್ಯೂ25113 ಕೂಡ ಅಷ್ಟೇ, ಅದೂ ಲ್ಯಾಕ್ಟೋಸ್ ತಿನ್ನದು.

ನಿಮಗೆ ಬೇಕಿರುವುದು ಕೆ-12 ಗುಂಪಿನ ಎಂಜಿ1655. ಇದರ ಲ್ಯಾಕ್ ಜೀನುಗಳು, ಅಂದರೆ ಲ್ಯಾಕ್ಟೋಸ್ ತಿನ್ನಲು ಬೇಕಾದವು, ಸರಿಯಾಗಿವೆ. ಸಕ್ಕರೆ ಮತ್ತು ಲವಣ ಕೊಟ್ಟರೆ ಸಾಕು, ಅಮೈನೋ ಆಮ್ಲ, ವಿಟಮಿನ್ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಇದರ ಪೂರ್ತಿ ಜೀನೋಮ್ 1997ರಲ್ಲೇ ಪ್ರಕಟವಾಗಿದೆ, ಹಾಗಾಗಿ ಯಾವ ಜೀನ್ ಬಗ್ಗೆ ಅನುಮಾನ ಬಂದರೂ ಹುಡುಕಿ ನೋಡಬಹುದು. ಶುರು ಮಾಡುವ ಮೊದಲು ಮೆಕಾಂಕಿ ಅಗರ್ ತಟ್ಟೆಯ ಮೇಲೆ ಒಂದು ಗೆರೆ ಎಳೆದು ನೋಡಿಬಿಡಿ. ಕಾಲೊನಿ ಗುಲಾಬಿ-ಕೆಂಪು ಬಂದರೆ ಅದು ಲ್ಯಾಕ್ಟೋಸ್ ತಿನ್ನುತ್ತದೆ. ಒಂದು ರಾತ್ರಿಯ ಕೆಲಸ, ಒಂದು ವಾರ ಉಳಿಯುತ್ತದೆ.

ಹಂತ 2: ಮೀಡಿಯಂ

ಎಲ್‌ಬಿ ಮೀಡಿಯಂ ಇಲ್ಲಿ ಉಪಯೋಗಕ್ಕೆ ಬಾರದು. ಅದರಲ್ಲಿ ಹತ್ತಾರು ಬಗೆಯ ಆಹಾರ ಒಟ್ಟಿಗೆ ಇರುತ್ತದೆ. ಯಾವುದು ಯಾವಾಗ ಖಾಲಿಯಾಯಿತು ಅಂತ ಹೇಳಲಾಗದು. ಲವಣಗಳ ಜೊತೆ ನಾವು ಹಾಕಿದ ಸಕ್ಕರೆ ಮಾತ್ರ ಇರುವ ಎಂ9 ಮೀಡಿಯಂ ಬಳಸಿ. 5 ಪಟ್ಟು ಗಟ್ಟಿಯಾದ ಲವಣದ ದ್ರಾವಣ ಮಾಡಿಟ್ಟುಕೊಳ್ಳಿ. 1 ಲೀಟರಿಗೆ ಬೇಕಾಗುವುದು: ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ (ಹೆಪ್ಟಾಹೈಡ್ರೇಟ್) 64 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 15 ಗ್ರಾಂ, ಸೋಡಿಯಂ ಕ್ಲೋರೈಡ್ 2.5 ಗ್ರಾಂ, ಅಮೋನಿಯಂ ಕ್ಲೋರೈಡ್ 5 ಗ್ರಾಂ. ಆಟೋಕ್ಲೇವ್ ಮಾಡಿ.

100 ಮಿಲಿ ಲೀಟರ್ ಮೀಡಿಯಂಗೆ 78 ಮಿಲಿ ಲೀಟರ್ ಸ್ಟೆರೈಲ್ ನೀರು ತೆಗೆದುಕೊಳ್ಳಿ. ಅದಕ್ಕೆ 20 ಮಿಲಿ ಲೀಟರ್ ಲವಣದ ದ್ರಾವಣ, 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 200 ಮೈಕ್ರೋಲೀಟರ್, 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 10 ಮೈಕ್ರೋಲೀಟರ್ ಹಾಕಿ. ಕೊನೆಗೆ ಸಕ್ಕರೆ: ಶೇ. 20ರ ಗ್ಲೂಕೋಸ್ 250 ಮೈಕ್ರೋಲೀಟರ್, ಶೇ. 10ರ ಲ್ಯಾಕ್ಟೋಸ್ 1.5 ಮಿಲಿ ಲೀಟರ್. ಹೀಗೆ ಗ್ಲೂಕೋಸ್ ಶೇ. 0.05, ಲ್ಯಾಕ್ಟೋಸ್ ಶೇ. 0.15 ಆಗುತ್ತದೆ.

ಎರಡು ಎಚ್ಚರಿಕೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಫಾಸ್ಫೇಟ್ ಜೊತೆ ಸೇರಿಸಿ ಆಟೋಕ್ಲೇವಿಗೆ ಇಡಬೇಡಿ, ಬಿಳಿ ಗಷ್ಟು ಕೂರುತ್ತದೆ. ಸಕ್ಕರೆಗಳನ್ನು ಆಟೋಕ್ಲೇವ್ ಮಾಡುವ ಬದಲು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಲವಣದ ಜೊತೆ ಕಾಯಿಸಿದ ಗ್ಲೂಕೋಸ್ ಕಂದು ತಿರುಗುತ್ತದೆ. ಆಮೇಲೆ ನಿಮ್ಮ ಲೆಕ್ಕಕ್ಕೂ ಫ್ಲಾಸ್ಕಿನಲ್ಲಿ ಇರುವುದಕ್ಕೂ ತಾಳೆಯಾಗದು.

ಗ್ಲೂಕೋಸ್ ಇಷ್ಟು ಕಡಿಮೆ ಯಾಕೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಶೇ. 0.05 ಅಂದರೆ ಲೀಟರಿಗೆ 0.5 ಗ್ರಾಂ. ಒಳ್ಳೆ ಗಾಳಿ ಸಿಕ್ಕರೆ ಇ. ಕೋಲಿ 1 ಗ್ರಾಂ ಗ್ಲೂಕೋಸಿನಿಂದ ಸುಮಾರು 0.5 ಗ್ರಾಂ ಒಣ ತೂಕದಷ್ಟು ಕೋಶ ಕಟ್ಟುತ್ತದೆ. ಅಂದರೆ ಲೀಟರಿಗೆ 0.25 ಗ್ರಾಂ. 600 ನ್ಯಾನೋಮೀಟರ್ ಬೆಳಕಿನಲ್ಲಿ ಓಡಿ (ಆಪ್ಟಿಕಲ್ ಡೆನ್ಸಿಟಿ, ಕಲ್ಚರ್ ಎಷ್ಟು ಕದಡಿದೆ ಅನ್ನುವ ಅಳತೆ) 1 ಅಂದರೆ ಲೀಟರಿಗೆ ಸುಮಾರು 0.4 ಗ್ರಾಂ ಒಣ ತೂಕ. ಹಾಗಾದರೆ ಗ್ಲೂಕೋಸ್ ಮುಗಿಯುವಾಗ ಓಡಿ 0.6ರ ಆಸುಪಾಸು ಇರುತ್ತದೆ. ನಿಮ್ಮ ಯಂತ್ರ ನೋಡಿಕೊಂಡು 0.5ರಿಂದ 0.7 ಅಂದುಕೊಳ್ಳಿ. ಸುಲಭವಾಗಿ ಅಳೆಯಬಹುದಾದ ಜಾಗ ಅದು. ಗ್ಲೂಕೋಸ್ ಮಾಮೂಲಿನಂತೆ ಶೇ. 0.4 ಹಾಕಿದರೆ ಮೆಟ್ಟಿಲು ಎಲ್ಲೋ ಮೇಲೆ, ಕಲ್ಚರ್ ದಟ್ಟವಾಗಿ ಆಮ್ಲಜನಕ ಸಾಲದೆ ಒದ್ದಾಡುವ ಕಡೆ ಬೀಳುತ್ತದೆ. ಆಗ ಬೆಳವಣಿಗೆ ನಿಧಾನವಾದದ್ದು ಸಕ್ಕರೆಯಿಂದಲೋ ಗಾಳಿಯಿಂದಲೋ ಅಂತ ಹೇಳಲಾಗದು.

ಹಂತ 3: ನಾಲ್ಕು ಫ್ಲಾಸ್ಕ್

ಒಂದೇ ಫ್ಲಾಸ್ಕ್ ಇಟ್ಟರೆ ಅನುಮಾನಗಳು ಮಾತ್ರ ಉಳಿಯುತ್ತವೆ. ನಾಲ್ಕು ಇಡಿ. ಮೊದಲನೆಯದರಲ್ಲಿ ಗ್ಲೂಕೋಸ್ ಶೇ. 0.05 ಮಾತ್ರ. ಎರಡನೆಯದರಲ್ಲಿ ಲ್ಯಾಕ್ಟೋಸ್ ಶೇ. 0.15 ಮಾತ್ರ. ಮೂರನೆಯದರಲ್ಲಿ ಎರಡೂ. ನಾಲ್ಕನೆಯದರಲ್ಲಿ ಗ್ಲೂಕೋಸ್ ಶೇ. 0.1, ಲ್ಯಾಕ್ಟೋಸ್ ಶೇ. 0.1.

ನನಗೆ ಇಷ್ಟ ನಾಲ್ಕನೆಯದು. ಮೊನೊ ಮಾಡಿದ್ದೂ ಇಂಥದ್ದೇ: ಮೊದಲ ಸಕ್ಕರೆಯ ಪ್ರಮಾಣ ಬದಲಿಸಿದರೆ ಮೊದಲ ಮೆಟ್ಟಿಲಿನ ಎತ್ತರವೂ ಅದೇ ಲೆಕ್ಕದಲ್ಲಿ ಬದಲಾಗುತ್ತದೆ ಅಂತ ತೋರಿಸಿದರು. ಗ್ಲೂಕೋಸ್ ದುಪ್ಪಟ್ಟು ಮಾಡಿದಿರಿ. ಮೆಟ್ಟಿಲು ಓಡಿ 0.6ರಿಂದ 1.2ಕ್ಕೆ ಏರಬೇಕು. ಸಮಯ? ಅದೂ ದುಪ್ಪಟ್ಟು ಅಂತ ಅನೇಕರು ಹೇಳುತ್ತಾರೆ. ಅಲ್ಲ, 0.6ರಿಂದ 1.2 ಅಂದರೆ ಒಂದೇ ಒಂದು ಸಲ ದುಪ್ಪಟ್ಟಾಗುವುದು. ಒಂದು ಗಂಟೆಯಷ್ಟೇ ತಡ. ಈ ಉತ್ತರವನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಆಮೇಲೆ ಫ್ಲಾಸ್ಕ್ ನೋಡಿ.

250 ಮಿಲಿ ಲೀಟರ್ ಫ್ಲಾಸ್ಕಿಗೆ 50 ಮಿಲಿ ಲೀಟರಿಗಿಂತ ಜಾಸ್ತಿ ಕಲ್ಚರ್ ಬೇಡ. 37 ಡಿಗ್ರಿ, ಶೇಕರ್ ನಿಮಿಷಕ್ಕೆ 200 ಸುತ್ತು. ಮೀಡಿಯಂ ಮೊದಲೇ 37 ಡಿಗ್ರಿಗೆ ಬಂದಿರಲಿ. ತಣ್ಣನೆ ಮೀಡಿಯಂಗೆ ಬಿದ್ದ ಕೋಶಗಳು ಚೇತರಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ ಗ್ರಾಫಿನಲ್ಲಿ ಬೇರೆಯದೇ ಲ್ಯಾಗ್ (ಬೆಳವಣಿಗೆ ನಿಂತಂತಿರುವ ಅವಧಿ) ಆಗಿ ಕಾಣುತ್ತದೆ.

ಹಂತ 4: ಬೀಜದ ಕಲ್ಚರ್

ಎಲ್‌ಬಿಯಲ್ಲಿ ರಾತ್ರಿಯಿಡೀ ಬೆಳೆದ ಕೋಶಗಳನ್ನು ನೇರವಾಗಿ ಎಂ9ಗೆ ಹಾಕಬೇಡಿ. ಎಲ್‌ಬಿಯಲ್ಲಿ ಅಮೈನೋ ಆಮ್ಲಗಳು ಸಿದ್ಧವಾಗಿ ಸಿಗುತ್ತವೆ. ಅಲ್ಲಿ ಬೆಳೆದ ಕೋಶ ಅವನ್ನು ತಯಾರಿಸುವ ಕಿಣ್ವಗಳನ್ನು ಹೆಚ್ಚಾಗಿ ಇಟ್ಟುಕೊಂಡಿರುವುದಿಲ್ಲ. ಎಂ9ಗೆ ಬಂದ ತಕ್ಷಣ ಅವೆಲ್ಲ ಹೊಸದಾಗಿ ಆಗಬೇಕು. ಹಾಗಾಗಿ ಎಲ್‌ಬಿಯಿಂದ ಶೇ. 0.2 ಗ್ಲೂಕೋಸ್ ಇರುವ ಎಂ9ಗೆ ಹಿಂದಿನ ದಿನವೇ ವರ್ಗಾಯಿಸಿ. ಪ್ರಯೋಗದ ದಿನ ಬೆಳಗ್ಗೆ ಅದೇ ಮೀಡಿಯಂನಲ್ಲಿ ಮತ್ತೆ ತೆಳುವಾಗಿ ಶುರು ಮಾಡಿ ಓಡಿ 0.4ರ ತನಕ ಬೆಳೆಸಿ. ಅಷ್ಟರಲ್ಲಿ ಅವು ಒಂದೇ ವೇಗದಲ್ಲಿ ಓಡುತ್ತಿರುತ್ತವೆ.

ಈಗ ಇದನ್ನು 8 ಪಟ್ಟು ತೆಳುಮಾಡಿದರೆ ಓಡಿ 0.05 ಸಿಗುತ್ತದೆ, ಶುರು ಮಾಡಲು ಅದೇ ಸರಿಯಾದ ಅಳತೆ. ಆದರೆ ಸುಮ್ನೆ ಸುರಿದುಬಿಡಬೇಡಿ. ಬೀಜದ ಕಲ್ಚರಿನಲ್ಲಿ ಲೀಟರಿಗೆ 2 ಗ್ರಾಂ ಗ್ಲೂಕೋಸ್ ಇತ್ತು. ಓಡಿ 0.4 ಆಗುವಾಗ ಅದರಲ್ಲಿ ಖರ್ಚಾದದ್ದು 0.3 ಗ್ರಾಂ ಚಿಲ್ಲರೆ. ಉಳಿದ 1.6 ಗ್ರಾಂಗಿಂತ ಜಾಸ್ತಿ 8 ಪಟ್ಟು ತೆಳುವಾದರೂ ಲೀಟರಿಗೆ 0.2 ಗ್ರಾಂ ಆಯಿತು. ನೀವು ಅಳೆದು ಹಾಕಿದ್ದೇ 0.5 ಗ್ರಾಂ! ಮೆಟ್ಟಿಲು ಶೇ. 40ರಷ್ಟು ಮೇಲೆ ಹೋಗುತ್ತದೆ. ಲ್ಯಾಕ್ಟೋಸ್ ಮಾತ್ರ ಅಂತ ಲೇಬಲ್ ಹಚ್ಚಿದ ಫ್ಲಾಸ್ಕಿನಲ್ಲೂ ಒಂದು ಕಳ್ಳ ಮೆಟ್ಟಿಲು ಕಾಣುತ್ತದೆ. ಅದಕ್ಕೇ ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ, ಸಕ್ಕರೆ ಇಲ್ಲದ ಬಿಸಿ ಎಂ9ನಲ್ಲಿ ಎರಡು ಸಲ ತೊಳೆದು ಆಮೇಲೆ ಹಾಕಿ. ಬೇಗ ಬೇಗ ಮಾಡಿ, ಕೋಶಗಳು ಬಹಳ ಹೊತ್ತು ಹಸಿದಿರಬಾರದು.

ಹಂತ 5: ಅಳೆಯುವುದು

ಮೊದಲು 20 ನಿಮಿಷಕ್ಕೊಮ್ಮೆ ಓಡಿ ನೋಡಿ. ಗ್ಲೂಕೋಸ್ ಎಂ9ನಲ್ಲಿ ಈ ತಳಿ ಹೆಚ್ಚುಕಡಿಮೆ ಗಂಟೆಗೊಮ್ಮೆ ದುಪ್ಪಟ್ಟಾಗುತ್ತದೆ. ನಿಮ್ಮ ಲ್ಯಾಬಿನಲ್ಲಿ 65 ನಿಮಿಷ ಬಂತು ಅಂದುಕೊಳ್ಳಿ. 0.05ರಿಂದ 0.6ಕ್ಕೆ ಹೋಗಲು ಸುಮಾರು 3.6 ಸಲ ದುಪ್ಪಟ್ಟಾಗಬೇಕು, ಅಂದರೆ 235 ನಿಮಿಷ. 200ನೇ ನಿಮಿಷ ದಾಟಿದ ಮೇಲೆ ಊಟಕ್ಕೆ ಏಳಬೇಡಿ, 5 ನಿಮಿಷಕ್ಕೊಮ್ಮೆ ಅಳೆಯಿರಿ. ಲ್ಯಾಗ್ 25 ನಿಮಿಷದ್ದೇ ಆಗಿದ್ದು ನೀವು 30 ನಿಮಿಷಕ್ಕೊಮ್ಮೆ ಅಳೆದರೆ, ಗ್ರಾಫಿನಲ್ಲಿ ಅದು ಇದ್ದದ್ದೇ ಗೊತ್ತಾಗದು.

ಓಡಿ 0.4 ದಾಟಿದರೆ ಹೆಚ್ಚಿನ ಯಂತ್ರಗಳು ಕಡಿಮೆ ತೋರಿಸಲು ಶುರು ಮಾಡುತ್ತವೆ. ಮಾದರಿಯನ್ನು ಅದೇ ಮೀಡಿಯಂನಲ್ಲಿ 4 ಪಟ್ಟು ತೆಳುಮಾಡಿ ಅಳೆದು, ಬಂದ ಸಂಖ್ಯೆಯನ್ನು 4ರಿಂದ ಗುಣಿಸಿ. ಇದನ್ನು ಮರೆತರೆ ಯಂತ್ರದ ಮಿತಿಯೇ ಮೆಟ್ಟಿಲಿನ ಹಾಗೆ ಕಾಣುತ್ತದೆ. ಅಂಥ ‘ಡಯಾಕ್ಸಿ’ ಗ್ರಾಫುಗಳನ್ನು ನಾನು ಹಲವು ಪ್ರಾಜೆಕ್ಟ್ ವರದಿಗಳಲ್ಲಿ ನೋಡಿದ್ದೇನೆ.

ಪ್ರತಿ ಸಲವೂ ಒಂದೊಂದು ಮಿಲಿ ಲೀಟರ್ ಮಾದರಿ ಐಸ್ ಮೇಲೆ ಇಡಿ. ಅರ್ಧ ಭಾಗ ತಕ್ಷಣ ಫಿಲ್ಟರ್ ಮಾಡಿ, ಅದು ಗ್ಲೂಕೋಸ್ ಅಳೆಯಲು. ಇನ್ನರ್ಧ ಹಾಗೆಯೇ ಇರಲಿ, ಅದು ಕಿಣ್ವ ಅಳೆಯಲು. ಗ್ಲೂಕೋಸಿಗೆ ಗ್ಲೂಕೋಸ್ ಆಕ್ಸಿಡೇಸ್ ಕಿಟ್ ಒಳ್ಳೆಯದು, ಅದು ಲ್ಯಾಕ್ಟೋಸನ್ನು ಗ್ಲೂಕೋಸ್ ಅಂತ ಎಣಿಸುವುದಿಲ್ಲ. ಬೆಳವಣಿಗೆ ನಿಂತ ನಿಮಿಷಕ್ಕೂ ಗ್ಲೂಕೋಸ್ ಸೊನ್ನೆಯಾದ ನಿಮಿಷಕ್ಕೂ ಅಂತರ ಎಷ್ಟು ಕಡಿಮೆ ಅಂತ ನೋಡಿದರೆ ಖುಷಿಯಾಗುತ್ತದೆ. ಗ್ಲೂಕೋಸ್ ತೀರಾ ಕಡಿಮೆಯಾಗುವ ತನಕ ಅದೇ ವೇಗದಲ್ಲಿ ಬೆಳೆಯುತ್ತಿರುತ್ತದೆ, ಆಮೇಲೆ ಒಮ್ಮೆಲೇ ಬ್ರೇಕ್. ಬ್ಯಾಕ್ಟೀರಿಯಾದ ಗ್ಲೂಕೋಸ್ ಹೀರುವ ವ್ಯವಸ್ಥೆ ಅಷ್ಟು ಚುರುಕು. ಕೊನೆಯ ಚಿಟಿಕೆಯನ್ನೂ ಬಿಡದೆ ಎಳೆದುಕೊಳ್ಳುತ್ತದೆ.

ಹಂತ 6: ಗ್ರಾಫ್ ಓದುವುದು

ಓಡಿಯನ್ನು ಲಾಗ್ ಮಾಪಕದಲ್ಲಿ ಹಾಕಿ. ಸಾಮಾನ್ಯ ಮಾಪಕದಲ್ಲಿ ಮೊದಲ ಮೂರು ಗಂಟೆ ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಲಾಗ್ ಮಾಪಕದಲ್ಲಿ ನೆಟ್ಟಗಿನ ಗೆರೆ ಅಂದರೆ ವೇಗ ಬದಲಾಗಿಲ್ಲ, ಅಷ್ಟೇ. ವೇಗ ತಿಳಿಯಲು ಎರಡು ಓಡಿಗಳ ಅನುಪಾತದ ನ್ಯಾಚುರಲ್ ಲಾಗ್ ತೆಗೆದು ನಡುವಿನ ಸಮಯದಿಂದ ಭಾಗಿಸಿ. 120ನೇ ನಿಮಿಷಕ್ಕೆ 0.18, 185ನೇ ನಿಮಿಷಕ್ಕೆ 0.36 ಇದ್ದರೆ ದುಪ್ಪಟ್ಟಾಗಲು 65 ನಿಮಿಷ, ವೇಗ ಗಂಟೆಗೆ 0.64. ಎರಡೇ ಬಿಂದು ಸಾಲದು, ಇದ್ದಷ್ಟನ್ನೂ ಸೇರಿಸಿ ಗೆರೆ ಹೊಂದಿಸಿ.

ಲ್ಯಾಗ್ ಎಷ್ಟು ಅಂತ ಕಣ್ಣಂದಾಜಿನಲ್ಲಿ ಹೇಳಬೇಡಿ. ಮೊದಲ ಏರಿನ ಗೆರೆಯನ್ನು ಮುಂದಕ್ಕೆ, ಎರಡನೇ ಏರಿನ ಗೆರೆಯನ್ನು ಹಿಂದಕ್ಕೆ ಎಳೆಯಿರಿ. ನಡುವಿನ ಮಟ್ಟಸ ಗೆರೆಯನ್ನು ಅವೆರಡೂ ಕತ್ತರಿಸುವ ಜಾಗಗಳ ನಡುವಿನ ಸಮಯವೇ ಲ್ಯಾಗ್.

ಹಂತ 7: ಕಿಣ್ವ ಅಳೆಯುವುದು

ಬೆಳವಣಿಗೆಯ ಗ್ರಾಫ್ ಹೊರಗಿನ ನೋಟ. ಒಳಗೆ ಇಣುಕಬೇಕಾದರೆ ಬೀಟಾ-ಗ್ಯಾಲಕ್ಟೋಸಿಡೇಸ್ ಅಳೆಯಬೇಕು. ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಕಿಣ್ವ ಇದು. ಒಎನ್‌ಪಿಜಿ ಎಂಬ ಬಣ್ಣವಿಲ್ಲದ ವಸ್ತುವನ್ನು ಒಡೆದರೆ ಹಳದಿ ಬಣ್ಣ ಬರುತ್ತದೆ.

ಕೋಶದ ಮಾದರಿ 0.1 ಮಿಲಿ ಲೀಟರಿಗೆ ಝಡ್ ಬಫರ್ 0.9 ಮಿಲಿ ಲೀಟರ್ ಸೇರಿಸಿ. ಎರಡು ಹನಿ ಕ್ಲೋರೋಫಾರ್ಮ್, ಒಂದು ಹನಿ ಶೇ. 0.1ರ ಎಸ್‌ಡಿಎಸ್ ಹಾಕಿ ಕುಲುಕಿ, ಕೋಶದ ಪೊರೆ ಸಡಿಲವಾಗುತ್ತದೆ. 28 ಡಿಗ್ರಿಯಲ್ಲಿ ಇಟ್ಟು, ಮಿಲಿ ಲೀಟರಿಗೆ 4 ಮಿಲಿಗ್ರಾಂ ಇರುವ ಒಎನ್‌ಪಿಜಿ 0.2 ಮಿಲಿ ಲೀಟರ್ ಹಾಕಿ ಗಡಿಯಾರ ಒತ್ತಿ. ಹಳದಿ ಚೆನ್ನಾಗಿ ಕಂಡ ಮೇಲೆ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ 0.5 ಮಿಲಿ ಲೀಟರ್ ಹಾಕಿ ನಿಲ್ಲಿಸಿ, ಸಮಯ ಬರೆದುಕೊಳ್ಳಿ. ಝಡ್ ಬಫರಿನಲ್ಲಿ ಬೀಟಾ-ಮರ್ಕ್ಯಾಪ್ಟೋಎಥನಾಲ್ ಇರುತ್ತದೆ. ಕೊಳೆತ ಮೊಟ್ಟೆಯ ನಾತ, ವಿಷ ಕೂಡ. ಫ್ಯೂಮ್ ಹುಡ್ ಒಳಗೇ ಮಾಡಿ.

420 ನ್ಯಾನೋಮೀಟರಿನ ಅಳತೆಯಿಂದ 550ರ ಅಳತೆಯ 1.75 ಪಟ್ಟು ಕಳೆಯಿರಿ. ಬಂದದ್ದನ್ನು 1000ದಿಂದ ಗುಣಿಸಿ, ನಿಮಿಷ, ಮಾದರಿಯ ಮಿಲಿ ಲೀಟರ್, ಕಲ್ಚರಿನ ಓಡಿ ಮೂರರ ಗುಣಲಬ್ಧದಿಂದ ಭಾಗಿಸಿ. ಸಿಗುವುದು ಮಿಲ್ಲರ್ ಯೂನಿಟ್, ಕಿಣ್ವ ಎಷ್ಟಿದೆ ಅನ್ನುವ ಅಳತೆ. ಕೋಶದ ಚೂರುಗಳನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ ತಿಳಿಯನ್ನಷ್ಟೇ ಅಳೆದರೆ 550ರ ಪಾಲು ಸೊನ್ನೆ. ಉದಾಹರಣೆಗೆ 420ರಲ್ಲಿ 0.45, ಸಮಯ 10 ನಿಮಿಷ, ಮಾದರಿ 0.1, ಓಡಿ 0.5 ಆದರೆ 900 ಯೂನಿಟ್. ಗ್ಲೂಕೋಸ್ ತಿನ್ನುವಾಗ ಯೂನಿಟ್‌ಗಳು ತಳದಲ್ಲೇ ಇರುತ್ತವೆ. ಲ್ಯಾಗ್ ಒಳಗೆ ಏರಲು ಶುರುವಾಗುತ್ತವೆ. ಓಡಿ ಅಲುಗದೆ ನಿಂತಿರುವಾಗಲೇ ಕಿಣ್ವ ಏರುತ್ತಿರುವ ಆ ಎರಡು ಮೂರು ಬಿಂದುಗಳು ಇಡೀ ದಿನದ ದುಡಿಮೆಯ ಫಲ.

ಆ ಅರ್ಧ ಗಂಟೆಯಲ್ಲಿ ಒಳಗೆ ಏನಾಯಿತು?

ಗ್ಲೂಕೋಸ್ ಒಳಗೆ ಬರುವ ಬಾಗಿಲಿನ ಹೆಸರು ಪಿಟಿಎಸ್. ಒಂದೊಂದು ಗ್ಲೂಕೋಸ್ ಒಳಗೆ ಬರುವಾಗಲೂ ಅದಕ್ಕೊಂದು ಫಾಸ್ಫೇಟ್ ಅಂಟುತ್ತದೆ. ಆ ಫಾಸ್ಫೇಟ್ ಕೊಡುವ ಸರಪಳಿಯಲ್ಲಿ ಇಐಐಎ ಎಂಬ ಪ್ರೋಟೀನ್ ಇದೆ. ಗ್ಲೂಕೋಸ್ ಹರಿದು ಬರುತ್ತಿದ್ದರೆ ಇದರ ಫಾಸ್ಫೇಟ್ ಖರ್ಚಾಗುತ್ತಲೇ ಇರುತ್ತದೆ. ಹೀಗೆ ಬರಿಗೈಲಿರುವ ಇಐಐಎ ಹೋಗಿ ಲ್ಯಾಕ್ಟೋಸ್ ಬಾಗಿಲಿಗೆ, ಅಂದರೆ ಲ್ಯಾಕ್ ಪರ್ಮಿಯೇಸಿಗೆ, ಅಡ್ಡ ನಿಲ್ಲುತ್ತದೆ. ಹೊರಗೆ ಎಷ್ಟೇ ಲ್ಯಾಕ್ಟೋಸ್ ಇದ್ದರೂ ಒಳಗಿನವರಿಗೆ ಸುದ್ದಿಯೇ ಮುಟ್ಟದು. ಗ್ಲೂಕೋಸ್ ಮುಗಿದಾಗ ಇಐಐಎ ಫಾಸ್ಫೇಟ್ ಹಿಡಿದೇ ಉಳಿಯುತ್ತದೆ. ಅಡ್ಡ ಸರಿಯುತ್ತದೆ, ಜೊತೆಗೆ ಸೈಕ್ಲಿಕ್ ಎಎಂಪಿ (ಕೋಶದೊಳಗೆ ಸುದ್ದಿ ಮುಟ್ಟಿಸುವ ಸಣ್ಣ ಅಣು) ತಯಾರಿಗೂ ಉತ್ತೇಜನ ಸಿಗುತ್ತದೆ. ಅದು ಸಿಆರ್‌ಪಿ ಪ್ರೋಟೀನ್ ಜೊತೆ ಸೇರಿ ಲ್ಯಾಕ್ ಜೀನುಗಳನ್ನು ಓದಲು ನೆರವಾಗುತ್ತದೆ.

ಗ್ಲೂಕೋಸ್ ಇದ್ದರೆ ಸೈಕ್ಲಿಕ್ ಎಎಂಪಿ ಕಡಿಮೆ, ಲ್ಯಾಕ್ಟೋಸ್ ಇದ್ದರೆ ಜಾಸ್ತಿ, ಕಥೆ ಅಷ್ಟೇ ಅಂತ ತುಂಬಾ ಕಡೆ ಓದುತ್ತೀರಿ. ಅದು ಅರ್ಧ ಸತ್ಯ. 1996ರಲ್ಲಿ ಜಪಾನಿನ ಸಂಶೋಧಕರು ಅಳೆದು ನೋಡಿದಾಗ, ಲ್ಯಾಕ್ಟೋಸ್ ಮೇಲೆ ಬೆಳೆಯುವಾಗಲೂ ಸೈಕ್ಲಿಕ್ ಎಎಂಪಿ ಮಟ್ಟ ಗ್ಲೂಕೋಸ್ ಮೇಲೆ ಇದ್ದಷ್ಟೇ ಇತ್ತು. ನಡುವಿನ ಲ್ಯಾಗ್‌ನಲ್ಲಿ ಮಾತ್ರ ಅದು ಏರಿತ್ತು. ಈ ಆಯ್ಕೆಯ ಮುಖ್ಯ ಕೆಲಸ ನಡೆಯುವುದು ಬಾಗಿಲಿಗೆ ಅಡ್ಡ ನಿಲ್ಲುವುದರಿಂದ.

ಇನ್ನೊಂದು ತಮಾಷೆ ಇದೆ. ಜೀನುಗಳಿಗೆ ಕಾವಲಿರುವ ರಿಪ್ರೆಸರ್ ಸರಿಯಬೇಕಾದರೆ ಆಲೋಲ್ಯಾಕ್ಟೋಸ್ ಬೇಕು. ಅದು ತಯಾರಾಗಬೇಕಾದರೆ ಲ್ಯಾಕ್ಟೋಸ್ ಒಳಗೆ ಬರಬೇಕು, ಅದಕ್ಕೆ ಪರ್ಮಿಯೇಸ್ ಬೇಕು. ಲ್ಯಾಕ್ಟೋಸನ್ನು ಆಲೋಲ್ಯಾಕ್ಟೋಸ್ ಮಾಡುವುದೂ ಬೀಟಾ-ಗ್ಯಾಲಕ್ಟೋಸಿಡೇಸೇ. ಅಂದರೆ ಬೀಗದ ಕೈ ಬೀಗ ಹಾಕಿದ ಮನೆಯೊಳಗೇ ಇದೆ! ದಾರಿ ಹೇಗೆ? ಕಾವಲು ಪೂರ್ತಿ ಬಿಗಿ ಇಲ್ಲ. ಒಂದು ಕೋಶದಲ್ಲಿ ರಿಪ್ರೆಸರ್ ಇರುವುದು ಹತ್ತರಷ್ಟು. ಆಗೊಮ್ಮೆ ಈಗೊಮ್ಮೆ ಅದು ಡಿಎನ್‌ಎಯಿಂದ ಜಾರುತ್ತದೆ, ಕೆಲವೇ ಕೆಲವು ಕಿಣ್ವ, ಪರ್ಮಿಯೇಸ್ ಹುಟ್ಟಿಕೊಳ್ಳುತ್ತವೆ. ಅಷ್ಟು ಸೋರಿಕೆ ಸಾಕು.

ಹಾಗಾದರೆ ಇಷ್ಟು ತಡ ಯಾಕೆ? ಲೆಕ್ಕ ಹಾಕಿ. ಬೀಟಾ-ಗ್ಯಾಲಕ್ಟೋಸಿಡೇಸಿನ ಒಂದು ಎಳೆಯಲ್ಲಿ 1,023 ಅಮೈನೋ ಆಮ್ಲಗಳಿವೆ. ಪ್ರೋಟೀನ್ ಕಟ್ಟುವ ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಜೋಡಿಸುತ್ತದೆ, ಒಂದು ಎಳೆಗೆ ಒಂದು ನಿಮಿಷ. ಅಂಥ 4 ಎಳೆ ಸೇರಿದರೆ ಒಂದು ಕಿಣ್ವ. ಚೆನ್ನಾಗಿ ಬೆಳೆಯುತ್ತಿರುವ ಕೋಶಕ್ಕೆ ಸೂಚನೆ ಸಿಕ್ಕ ಕೆಲವೇ ನಿಮಿಷದಲ್ಲಿ ಮೊದಲ ಕಿಣ್ವ ಬಂದುಬಿಡುತ್ತದೆ. ಆದರೆ ಈಗಿರುವುದು ಹಸಿದ ಕೋಶ. ಪ್ರೋಟೀನ್ ಕಟ್ಟಲು ಶಕ್ತಿ ಬೇಕು, ಶಕ್ತಿಗೆ ಆ ಪ್ರೋಟೀನೇ ಬೇಕು. ಜೊತೆಗೆ ಎಲ್ಲ ಕೋಶಗಳೂ ಒಟ್ಟಿಗೆ ಏಳುವುದಿಲ್ಲ. ಸೋರಿಕೆಯಲ್ಲಿ ಅದೃಷ್ಟ ಚೆನ್ನಾಗಿದ್ದ ಕೋಶಗಳು ಮೊದಲು ಏಳುತ್ತವೆ, ಉಳಿದವು ತಡವಾಗಿ. ನಿಮ್ಮ ಯಂತ್ರ ತೋರಿಸುವುದು ಎಲ್ಲರ ಸರಾಸರಿ.

ಇದೇ ಹೊತ್ತಿನಲ್ಲಿ ಬೆಳವಣಿಗೆಗೇ ಬ್ರೇಕ್ ಹಾಕುವ ಇನ್ನೊಂದು ಸಣ್ಣ ಅಣು ಏರುತ್ತದೆ: ಪಿಪಿಜಿಪಿಪಿ. ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ 1969ರಲ್ಲಿ ಇದನ್ನು ಕ್ರೊಮ್ಯಾಟೊಗ್ರಾಮ್ ಮೇಲೆ ಎಲ್ಲಿಂದಲೋ ಬಂದ ಮಚ್ಚೆಯಾಗಿ ಕಂಡು ‘ಮ್ಯಾಜಿಕ್ ಸ್ಪಾಟ್’ ಅಂತ ಕರೆದರು. ಅಮೈನೋ ಆಮ್ಲ ಹೊರದ ಟಿಆರ್‌ಎನ್‌ಎ ರೈಬೋಸೋಮಿಗೆ ಬಂದು ಕೂತರೆ ರೆಲ್‌ಎ ಕಿಣ್ವ ಈ ಅಣುವನ್ನು ಮಾಡುತ್ತದೆ. ಸಕ್ಕರೆ ಸಾಲದಿದ್ದಾಗ ಸ್ಪೋ-ಟಿ ಎಂಬ ಇನ್ನೊಂದು ಕಿಣ್ವವೂ ಕೈಜೋಡಿಸುತ್ತದೆ. ಪಿಪಿಜಿಪಿಪಿ ಏರಿದರೆ ಹೊಸ ರೈಬೋಸೋಮ್ ಕಟ್ಟುವುದು ನಿಲ್ಲುತ್ತದೆ.

ಇಲ್ಲಿ ರೈಬೋಸೋಮಿನ ಲೆಕ್ಕ ಗೊತ್ತಿರಬೇಕು. 24 ನಿಮಿಷಕ್ಕೆ ದುಪ್ಪಟ್ಟಾಗುವ ಇ. ಕೋಲಿಯಲ್ಲಿ ಕೋಶಕ್ಕೆ 70,000ದಷ್ಟು ರೈಬೋಸೋಮ್ ಇರುತ್ತವೆ. 100 ನಿಮಿಷಕ್ಕೆ ದುಪ್ಪಟ್ಟಾಗುವುದರಲ್ಲಿ 7,000ದಷ್ಟು. ಪ್ರೋಟೀನ್ ಕಟ್ಟುವ ಯಂತ್ರ ಇದೇ, ಹಾಗಾಗಿ ಬೇಗ ಬೆಳೆಯಬೇಕಾದರೆ ಇದು ಜಾಸ್ತಿ ಬೇಕು. ಆದರೆ ರೈಬೋಸೋಮಿಗೆ ಹಾಕಿದ ಬಂಡವಾಳ ಕಿಣ್ವಗಳಿಗೆ ಉಳಿಯದು. ಬಡ ಮೀಡಿಯಂನಲ್ಲಿ ಅಮೈನೋ ಆಮ್ಲ ಮಾಡುವ ಕಿಣ್ವಗಳಿಗೇ ಪಾಲು ಜಾಸ್ತಿ ಬೇಕು, ಆಗ ರೈಬೋಸೋಮ್ ಕಡಿಮೆ. ಬೆಳವಣಿಗೆಯ ವೇಗ ಅನ್ನುವುದು ಈ ಹಂಚಿಕೆಯ ಫಲ.

ಹಂತ 8: ಉಲ್ಟಾ ದಿಕ್ಕು, ಒಳ್ಳೆ ಊಟ ಕೊಟ್ಟು ನೋಡಿ

1958ರಲ್ಲಿ ಕೋಪನ್‌ಹೇಗನ್‌ನಲ್ಲಿ ಶೆಕ್ಟರ್, ಮಾಲೊ, ಕೆಲ್ಗೋರ್ ಸಾಲ್ಮೊನೆಲ್ಲಾ ಮೇಲೆ ಮಾಡಿದ ಪ್ರಯೋಗದ ಸುಲಭ ರೂಪ ಇದು. ಗ್ಲೂಕೋಸ್ ಎಂ9ನಲ್ಲಿ ಓಡಿ 0.1 ಇರುವ ಕಲ್ಚರಿಗೆ ಶೇ. 0.2ರಷ್ಟು ಕ್ಯಾಸಮೈನೋ ಆಮ್ಲ (ಹಾಲಿನ ಪ್ರೋಟೀನ್ ಒಡೆದು ಮಾಡಿದ ಅಮೈನೋ ಆಮ್ಲಗಳ ಮಿಶ್ರಣ) ಹಾಕಿ. 10 ನಿಮಿಷಕ್ಕೊಮ್ಮೆ ಓಡಿ ಅಳೆಯಿರಿ, ಜೊತೆಗೆ ತಟ್ಟೆಗೆ ಹರಡಿ ಕೋಶಗಳನ್ನೂ ಎಣಿಸಿ.

ಓಡಿ ಗೆರೆ ಬೇಗನೆ ಕಡಿದಾಗುತ್ತದೆ. ಕೋಶದ ಸಂಖ್ಯೆ ಮಾತ್ರ ಸುಮಾರು ಒಂದು ಗಂಟೆ ಹಳೆಯ ವೇಗದಲ್ಲೇ ಏರುತ್ತಿರುತ್ತದೆ. ತೂಕ ಹೊಸ ವೇಗದಲ್ಲಿ, ವಿಭಜನೆ ಹಳೆಯ ವೇಗದಲ್ಲಿ, ಅಂದಮೇಲೆ ಒಂದೊಂದು ಕೋಶವೂ ದಪ್ಪವಾಗಬೇಕು ಅಲ್ವಾ? ಮೈಕ್ರೋಸ್ಕೋಪಿನಲ್ಲಿ ನೋಡಿ, ದಪ್ಪವಾಗಿರುತ್ತವೆ. ಕಾರಣ ಡಿಎನ್‌ಎ. ಅದನ್ನು ನಕಲು ಮಾಡಲು 40 ನಿಮಿಷ, ಆಮೇಲೆ ಕೋಶ ಎರಡಾಗಲು ಇನ್ನೂ 20 ನಿಮಿಷ ಬೇಕು. ಈಗ ವಿಭಜನೆಯಾಗುತ್ತಿರುವ ಕೋಶ ಒಂದು ಗಂಟೆ ಹಿಂದೆ, ಬಡತನದ ಕಾಲದಲ್ಲಿ, ಶುರು ಮಾಡಿದ ಕೆಲಸವನ್ನು ಮುಗಿಸುತ್ತಿದೆ. ಎಲ್‌ಬಿಯಲ್ಲಿ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುವುದು ಹೇಗೆ ಅಂತ ಕೇಳಿದರೆ ಉತ್ತರವೂ ಇದೇ: ಒಂದು ನಕಲು ಮುಗಿಯುವ ಮೊದಲೇ ಮುಂದಿನದು, ಅದರ ಮುಂದಿನದು ಶುರುವಾಗಿರುತ್ತದೆ.

ಸಾರಜನಕ ಕಡಿಮೆ ಮಾಡಿಯೂ ನೋಡಬಹುದು. ಎಂ9ನಲ್ಲಿ ಅಮೋನಿಯಂ 19 ಮಿಲಿಮೋಲಾರ್‌ನಷ್ಟಿದೆ. ಅದನ್ನು 1ಕ್ಕೆ ಇಳಿಸಿ, ಗ್ಲೂಕೋಸ್ ಧಾರಾಳ ಕೊಡಿ. ಕೋಶದ ಒಣ ತೂಕದಲ್ಲಿ ಸಾರಜನಕ ಶೇ. 14ರಷ್ಟು, ಹಾಗಾಗಿ ಓಡಿ 0.25ರ ಹತ್ತಿರ ನಿಲ್ಲಬೇಕು. ಸಕ್ಕರೆ ಇದ್ದೂ ನಿಂತಿದೆ ಅಂತ ಗ್ಲೂಕೋಸ್ ಕಿಟ್‌ನಿಂದ ಖಚಿತ ಮಾಡಿಕೊಳ್ಳಿ.

ತಪ್ಪಾದಾಗ

ಮೆಟ್ಟಿಲೇ ಕಾಣಲಿಲ್ಲ ಅಂದರೆ ಅಳತೆಗಳ ನಡುವೆ ಅಂತರ ಜಾಸ್ತಿಯಾಗಿರಬಹುದು, ಅಥವಾ ಬೀಜದ ಕಲ್ಚರ್ ಲ್ಯಾಕ್ಟೋಸ್ ಕಂಡಿರಬಹುದು. ಲ್ಯಾಕ್ಟೋಸ್ ಮಾತ್ರ ಇರುವ ಫ್ಲಾಸ್ಕಿನಲ್ಲಿ ಪುಟ್ಟ ಮೆಟ್ಟಿಲು ಬಂದರೆ ತೊಳೆದದ್ದು ಸಾಲದು, ಇಲ್ಲವೇ ಲ್ಯಾಕ್ಟೋಸ್ ಡಬ್ಬಿಯಲ್ಲೇ ಚೂರು ಗ್ಲೂಕೋಸ್ ಬೆರೆತಿದೆ. ಆ ಫ್ಲಾಸ್ಕಿನಲ್ಲಿ ಶುರುವಿನಲ್ಲೇ ದೊಡ್ಡ ಲ್ಯಾಗ್ ಬಂದರೆ ಗಾಬರಿ ಬೇಡ. ಅದು ಅದೇ ಲ್ಯಾಗ್, ಮುಂಚೆ ಬಂದಿದೆ ಅಷ್ಟೇ.

ಹಂತ 9: ಕೋಶಕ್ಕೆ ನೆನಪಿದೆಯೇ?

ಇದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಬೀಜದ ಕಲ್ಚರನ್ನು ಈ ಸಲ ಲ್ಯಾಕ್ಟೋಸ್ ಎಂ9ನಲ್ಲಿ ಬೆಳೆಸಿ, ತೊಳೆದು, ಎರಡೂ ಸಕ್ಕರೆ ಇರುವ ಫ್ಲಾಸ್ಕಿಗೆ ಹಾಕಿ. ಲ್ಯಾಗ್ ತೀರಾ ಚಿಕ್ಕದಾಗುತ್ತದೆ. ಹಳೆಯ ಕಿಣ್ವ ಕೊಳೆತು ಹೋಗುವುದಿಲ್ಲ, ಕೋಶ ಎರಡಾದಾಗ ಮಕ್ಕಳ ನಡುವೆ ಹಂಚಿಹೋಗುತ್ತದೆ. ಪ್ರತಿ ಪೀಳಿಗೆಗೆ ಅರ್ಧರ್ಧ. 1,000 ಯೂನಿಟ್‌ನಿಂದ ಹೊರಟರೆ 3.6 ಪೀಳಿಗೆ ಕಳೆದು ಮೆಟ್ಟಿಲು ಬರುವಾಗಲೂ 80ರಷ್ಟು ಉಳಿದಿರುತ್ತದೆ.

ಮುಂದಿನ ಪ್ರಶ್ನೆ ಸಹಜ: ಎಷ್ಟು ಪೀಳಿಗೆ ಗ್ಲೂಕೋಸಿನಲ್ಲಿ ಕಳೆದರೆ ಲ್ಯಾಗ್ ಪೂರ್ತಿ ಮರಳುತ್ತದೆ? ಲ್ಯಾಕ್ಟೋಸ್‌ನಲ್ಲಿ ಬೆಳೆದ ಕೋಶಗಳನ್ನು ಗ್ಲೂಕೋಸ್ ಮಾತ್ರ ಇರುವ ಎಂ9ಗೆ ಹಾಕಿ, ಓಡಿ 0.4 ದಾಟದಂತೆ ಆಗಾಗ ಬಿಸಿ ಮೀಡಿಯಂಗೆ ತೆಳುಮಾಡುತ್ತಾ 2, 4, 6, 8 ಪೀಳಿಗೆ ಬೆಳೆಸಿ. ಪ್ರತಿ ಸಲವೂ ಒಂದು ಪಾಲು ತೊಳೆದು ಎರಡು ಸಕ್ಕರೆಯ ಫ್ಲಾಸ್ಕಿಗೆ ಹಾಕಿ. ಲ್ಯಾಗ್ ಎಷ್ಟು ನಿಮಿಷ ಅನ್ನುವುದನ್ನು ಪೀಳಿಗೆಯ ಎದುರಿಗೆ ಗುರುತಿಸಿ, ಪಕ್ಕದಲ್ಲೇ ಆಗ ಉಳಿದಿದ್ದ ಮಿಲ್ಲರ್ ಯೂನಿಟ್ ಬರೆಯಿರಿ. ಫ್ಲಾಸ್ಕುಗಳ ಮೇಲೆ ಲೇಬಲ್ ಮಾತ್ರ ಮರೆಯಬೇಡಿ. ಸಂಜೆಯ ಹೊತ್ತಿಗೆ ನಾಲ್ಕೂ ಒಂದೇ ತರಹ ಕದಡಿರುತ್ತವೆ.